ಲಿಯೊನಾರ್ಡೊ ಬಂಡಿ ಮಾದರಿ: ಒಂದಡಿ ಚಿಮ್ಮಿ ನಿಂತುಬಿಡುತ್ತದೆ, ಏನು ಮಾಡಲಿ?

ಪ್ಲೈವುಡ್_ಪ್ರಿಯ:
ಎಲ್ಲರಿಗೂ ನಮಸ್ಕಾರ. ಲಿಯೊನಾರ್ಡೊ ಡಾ ವಿಂಚಿ 1478ರ ಸುಮಾರಿಗೆ ಚಿತ್ರ ಬರೆದಿಟ್ಟ, ತಾನಾಗಿ ಓಡುವ ಬಂಡಿಯ ಮಾದರಿ ಮಾಡುತ್ತಿದ್ದೇನೆ. ಅಳತೆ 1:5, ಉದ್ದ ಸುಮಾರು 34 ಸೆಂ.ಮೀ. 4 ಮಿ.ಮೀ. ಪ್ಲೈವುಡ್, ಲೇಸರ್ ಕಟ್. ಅಲಾರಂ ಗಡಿಯಾರದ ಎರಡು ಸ್ಪ್ರಿಂಗ್‌ಗಳನ್ನು ದೊಡ್ಡ ಗೇರ್‌ಗಳ ಕೆಳಗೆ ಡಬ್ಬಿಯಲ್ಲಿ ಕೂರಿಸಿದ್ದೇನೆ. ಚಕ್ರ ಹಿಂದಕ್ಕೆ ತಿರುಗಿಸಿ ಕೀ ಕೊಟ್ಟು ಬಿಟ್ಟರೆ ಒಂದಡಿ ಚಿಮ್ಮುತ್ತದೆ. ಆಮೇಲೆ ಚಕ್ರ ನಿಂತಲ್ಲೇ ಗಿರಗಿರ, ಗೇರ್‌ನಲ್ಲಿ ಕಟಕಟ ಸದ್ದು. ಮೇಲಿನ ಬಿಲ್ಲಿನಂಥ ಎರಡು ಪಟ್ಟಿಗಳನ್ನು ಅಂದಕ್ಕೆ ಅಂತ ಸುಮ್ನೆ ಅಂಟಿಸಿದ್ದೇನೆ. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿದರೆ ದೂರ ಹೋಗುತ್ತದಾ?

ಹಲ್ಲುಗಾಲಿ:
ಗಟ್ಟಿ ಸ್ಪ್ರಿಂಗ್ ಬೇಡವೇ ಬೇಡ ಸರ್, ಈಗಿರುವುದೇ ಜಾಸ್ತಿ. ಎಲ್ಲ ಅಳತೆಯನ್ನೂ ಐದನೇ ಒಂದಕ್ಕೆ ಇಳಿಸಿದರೆ ತೂಕ 125ನೇ ಒಂದಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ಮಾತ್ರ ಗಡಿಯಾರದ್ದೇ ಅಲ್ವಾ? ಹಗುರ ಬಂಡಿ, ಜೋರು ಎಳೆತ. ಚಕ್ರ ಜಾರದೆ ಇನ್ನೇನು.

ಆ ಪಟ್ಟಿಗಳು ಅಂದಕ್ಕಲ್ಲ. 20ನೇ ಶತಮಾನದಲ್ಲಿ ಇದನ್ನು ಕಟ್ಟಲು ಹೋದವರು ಬಂಡಿ ಓಡುವುದೇ ಅವುಗಳ ಬಲದಿಂದ ಅಂದುಕೊಂಡರು, ಬಂಡಿ ಓಡಲಿಲ್ಲ. ಲಿಯೊನಾರ್ಡೊ ಬಗ್ಗೆ ಅಧ್ಯಯನ ಮಾಡಿದ ವಿದ್ವಾಂಸ ಕಾರ್ಲೋ ಪೆದ್ರೆತ್ತಿ, ರೋಬೋಟ್ ಎಂಜಿನಿಯರ್ ಮಾರ್ಕ್ ರೋಶೈಮ್ ಚಿತ್ರವನ್ನು ಮತ್ತೆ ಕೂತು ನೋಡಿದ ಮೇಲೆ ವಿಷಯ ತಿಳಿಯಿತು. ಓಡಿಸುವ ಸುರುಳಿ ಸ್ಪ್ರಿಂಗ್ ಕೆಳಗಿನ ಡಬ್ಬಿಗಳಲ್ಲಿ. ಮೇಲಿನ ಪಟ್ಟಿಗಳು ವೇಗ ಹಿಡಿತದಲ್ಲಿಡಲು. 2004ರಲ್ಲಿ ಫ್ಲಾರೆನ್ಸ್‌ನ ವಿಜ್ಞಾನ ಇತಿಹಾಸ ಮ್ಯೂಸಿಯಂನವರು ಮೂರನೇ ಒಂದರ ಅಳತೆಯದ್ದನ್ನು ಓಡಿಸಿ ತೋರಿಸಿದರು. ಪೂರ್ತಿ ಅಳತೆಯದ್ದನ್ನೂ ಕಟ್ಟಿದ್ದರು. ಆದರೆ ಎಲ್ಲಾದರೂ ಗುದ್ದೀತು ಅಂತ ಓಡಿಸಲಿಲ್ಲ!

ನೀವು ಹೀಗೆ ಮಾಡಿ. ದೊಡ್ಡ ಗೇರ್‌ನ ಮೇಲ್ಮೈಯಲ್ಲಿ ಸುತ್ತಲೂ ಸಮ ಅಂತರದಲ್ಲಿ ಸಣ್ಣ ಗೂಟ ನೆಡಿ. ಪ್ಲೈವುಡ್ ಪಟ್ಟಿ ತೆಗೆದು ಬಿದಿರಿನ ಸೀಳು ಹಾಕಿ, ಅದರ ತುದಿ ಪ್ರತಿ ಗೂಟಕ್ಕೂ ತಾಗಿ, ಬಾಗಿ, ಬಿಡಬೇಕು. ಬಂಡಿ ಅಲ್ಲಾಡದಿದ್ದರೆ ಬಿದಿರನ್ನು ಬ್ಲೇಡಿನಿಂದ ಸ್ವಲ್ಪ ಸ್ವಲ್ಪವೇ ಹೆರೆಯಿರಿ. ಒಂದೇ ಸಲ ಹೆರೆದರೆ ಹೊಸ ಸೀಳು ಹುಡುಕಬೇಕಾಗುತ್ತದೆ.

ಲೇತ್_ಮೇಷ್ಟ್ರು:
ಕಟಕಟ ಸದ್ದಿನ ಕಾರಣ ಬೇರೆ. ಗೇರ್ ಶಾಫ್ಟ್‌ಗೆ ಕೆಳಗಿನ ಹಲಗೆಯೊಂದೇ ಆಸರೆಯಾ? ಒಂದು ಚಕ್ರ ಕೈಯಲ್ಲಿ ಹಿಡಿದು ಇನ್ನೊಂದನ್ನು ತಿರುಗಿಸಿ, ಎರಡು ಗೇರ್ ಸೇರುವ ಜಾಗ ನೋಡಿ. ಹಲ್ಲುಗಳ ನಡುವೆ ಸಂದು ಬಿಟ್ಟರೆ ಶಾಫ್ಟ್ ವಾಲುತ್ತಿದೆ ಅಂತ ಅರ್ಥ. ಮೇಲೊಂದು ಅಡ್ಡಪಟ್ಟಿ ಹಾಕಿ, ಶಾಫ್ಟ್ ತೂರುವ ತೂತಿಗೆ ಹಿತ್ತಾಳೆ ಬುಷ್ (ಸಣ್ಣ ಕೊಳವೆ) ಕೂರಿಸಿ. ಚಕ್ರಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಬಳೆ ತೊಡಿಸಿ. ಆಕ್ಸಲ್ ಮೇಲೆ ನಾಲ್ಕು ಕಬ್ಬಿಣದ ನಟ್ ಕಟ್ಟಿದರೆ ಹಿಡಿತ ಬರುತ್ತದೆ.

ಪ್ಲೈವುಡ್_ಪ್ರಿಯ:
ಅಡ್ಡಪಟ್ಟಿ ಹಾಕಿದೆ, ಸದ್ದು ನಿಂತಿತು. ಬಿದಿರು ಗೂಟದ ಮೇಲೆ ಟಿಕ್ ಟಿಕ್ ಅನ್ನುತ್ತಾ ಬಂಡಿ ಹಜಾರದ ಆ ತುದಿ ಮುಟ್ಟುತ್ತಿದೆ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ! ಆದರೆ ಎಡಕ್ಕೆ ಎಳೆಯುತ್ತದೆ.

ಲೇತ್_ಮೇಷ್ಟ್ರು:
ಮೊದಲು ದಿಕ್ಕು ತಿರುಗಿಸುವ ಚಿಕ್ಕ ಚಕ್ರ ನೇರವಿದೆಯಾ ನೋಡಿ. ಅದು ಸರಿಯಿದ್ದರೆ ಎರಡೂ ಟ್ಯೂಬ್ ಬಳೆಗಳ ದಪ್ಪ ಅಳೆಯಿರಿ. ಎಡಗಡೆಯದು ತೆಳುವಾಗಿರಬೇಕು.