ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯನ್ನು ಬಿಟ್ಟದ್ದೇಕೆ?

ಪ್ರಶ್ನೆ (ಬೆಳಗಾವಿ ಜಿಲ್ಲೆಯ ಒಬ್ಬ ಶಿಕ್ಷಕ)

ನಮ್ಮ ಪ್ರೌಢಶಾಲೆಯ ಮಕ್ಕಳು ಜಿಲ್ಲೆಯ ಸಾಧಕರ ಬಗ್ಗೆ ಕೈಬರಹದ ಪತ್ರಿಕೆಯೊಂದನ್ನು ತರುತ್ತಿದ್ದಾರೆ. ಅದಕ್ಕೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಕುರಿತು ಬರೆದುಕೊಡುವ ಹೊಣೆ ನನ್ನದು. 1869ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲೇ ಉದ್ಯಮ ಆರಂಭಿಸಿದ ಅವರ ಹೆಸರು ಹೊತ್ತ ಊರು ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಅವರು ಇಲ್ಲಿಂದ ಹೊರಟದ್ದೇಕೆ? ಹುಟ್ಟಿದ ನೆಲಕ್ಕೆ ಅವರಿಂದ ಆದ ಉಪಕಾರವೇನು? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಇತಿಹಾಸ ಉಪನ್ಯಾಸಕ)

ಮಾನ್ಯರೇ, ಅವರು ಮನಸ್ಸಾರೆ ಬಿಟ್ಟು ಹೋದವರಲ್ಲ. ಚಿತ್ರಕಲೆ ಕಲಿಯಲೆಂದು ಮುಂಬಯಿಗೆ ಹೋದ ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯದ ದೃಷ್ಟಿದೋಷವಿದ್ದುದರಿಂದ ಬಣ್ಣವನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು; ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ನ್ಯಾಯವಾಗಿ ಸಲ್ಲಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದು, ಅಣ್ಣ ರಾಮಚಂದ್ರರಾಯರ ಜೊತೆಗೂಡಿ ಸೈಕಲ್ ವ್ಯಾಪಾರದ ಜೊತೆಗೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸತೊಡಗಿದರು. ಅವರ ಅಂಗಡಿಯಿದ್ದ ರಸ್ತೆಗೆ ಇಂದಿಗೂ ಕಿರ್ಲೋಸ್ಕರ ರಸ್ತೆ ಎಂದೇ ಹೆಸರು.

ಊರಿನ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜರು. ಅವರು ಕೊಟ್ಟ, ಪಾಪಾಸುಕಳ್ಳಿ ಬೆಳೆದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಾರ್ಖಾನೆಯೊಂದಿಗೆ ಕಾರ್ಮಿಕರ ಮನೆಗಳು ಬಂದವು. ಅಸ್ಪೃಶ್ಯತೆಯನ್ನು ಅವರು ಅಲ್ಲಿ ನಡೆಯಗೊಡಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನು ನಂಬಿ ಕಾವಲಿಗೆ ಇಟ್ಟುಕೊಂಡರು. ಯಂತ್ರಗಳಿಗಿಂತ ಈ ಕೊನೆಯ ಸಂಗತಿಯೇ ಅವರ ದೊಡ್ಡತನವನ್ನು ಹೆಚ್ಚು ತೋರಿಸುತ್ತದೆಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಉತ್ತರ 2 (ಬೆಳಗಾವಿಯ ಉದ್ಯಮಬಾಗದ ಎರಕದ ಕೆಲಸದವರು)

ಮೇಲಿನ ಉತ್ತರದಲ್ಲಿ ನೇಗಿಲಿನ ಮಾತು ಬಂದು ಹೋಗಿದೆ. ಅದರ ಬಗ್ಗೆ ಇನ್ನಷ್ಟು ಹೇಳಬೇಕು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ಅಂದಿನ ರೈತರು ಅಂಜಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಬಹಳ ಕಾಲ ಹಿಡಿಯಿತು. ತಯಾರಿಕೆಯೂ ಸುಲಭದ್ದಲ್ಲ. ಎರಕದ ಕುಳ (ಮಣ್ಣು ಸೀಳುವ ನೇಗಿಲಿನ ಮೊನೆ) ಅತಿ ಗಡುಸಾದರೆ ಕಲ್ಲಿಗೆ ತಾಗಿ ಮುಕ್ಕಾಗುತ್ತದೆ, ಮೆತ್ತಗಾದರೆ ಬೇಗ ಸವೆಯುತ್ತದೆ. ಕರಗಿದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಭಾಗದಷ್ಟು ಕುಗ್ಗುವುದರಿಂದ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಿ ಮರಳಿನಲ್ಲಿ ಅಚ್ಚು ಒತ್ತಬೇಕು. ನಕ್ಷೆ ಬರೆದು ಪಳಗಿದ ಕೈ ಅವರಿಗೆ ಇಲ್ಲಿ ಒದಗಿತು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ ಹಳೆಯ ಫಿರಂಗಿಗಳನ್ನು ಕರಗಿಸಿ ನೇಗಿಲು ಮಾಡಿದರು.

ಊರಿಗಾದ ಉಪಕಾರವನ್ನು ಕೇಳಿದ್ದೀರಿ. ನಮ್ಮ ಭಾಗದ ಎರೆಭೂಮಿಯನ್ನು ಆಳವಾಗಿ ಉಳುವ ಸಾಧನವನ್ನು ಇಲ್ಲಿಯೇ ಮಾಡಬಹುದೆಂದು ಆಮದಿನ ಕಾಲದಲ್ಲಿ ತೋರಿಸಿಕೊಟ್ಟದ್ದು ಸಣ್ಣ ಉಪಕಾರವಲ್ಲ.

ಉತ್ತರ 3 (ಹರಿಹರದ ಲೇತ್ ಕೆಲಸಗಾರರ ಮಗ)

ಕನ್ನಡ ನಾಡಿಗೆ ಈ ಮನೆತನ ಮರಳಿ ಬಂದದ್ದನ್ನೂ ಸೇರಿಸಿ, ಸರ್. ಲಕ್ಷ್ಮಣರಾಯರ ಕಾಲದಲ್ಲಿಯೇ, 1941ರಲ್ಲಿ, ಮೈಸೂರು ಸಂಸ್ಥಾನದ ಬೆಂಬಲದಿಂದ ತುಂಗಭದ್ರೆಯ ದಡದ ನಮ್ಮೂರಿನಲ್ಲಿ ಲೇತ್ (ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂತು. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಓದಿ ಬಂದ ಮಗ ಶಂತನುರಾಯರು ಮನೆತನದ ಉದ್ಯಮವನ್ನು ಬಹುವಾಗಿ ಬೆಳೆಸಿದರು. ಲಕ್ಷ್ಮಣರಾಯರು ತೀರಿಕೊಂಡದ್ದು 1956ರಲ್ಲಿ.

ನಮ್ಮ ತಂದೆಯವರು ಹರಿಹರದ ಕಾರ್ಖಾನೆಯಲ್ಲಿ ಲೇತ್ ಕೆಲಸ ಕಲಿತವರು. ಮೈಕ್ರೋಮೀಟರ್ (ಅತಿ ಸಣ್ಣ ಅಳತೆ ತೆಗೆಯುವ ಸಾಧನ) ಹಿಡಿಯುವ ಮೊದಲು ಅಳೆಯಬೇಕಾದ ವಸ್ತುವಿನ ಮೈಯನ್ನು ಬಟ್ಟೆಯಿಂದ ಒರೆಸಲೇಬೇಕೆಂಬ ಅಲ್ಲಿನ ಶಿಸ್ತನ್ನು ಮನೆಯಲ್ಲಿ ನಮಗೂ ಕಲಿಸಿದರು. ಕಾರ್ಖಾನೆ ಮುಚ್ಚಿದಾಗ ಊರು ಪಟ್ಟ ಕಷ್ಟವನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಕಾರ್ಖಾನೆ ಇರುವವರೆಗೆ ಮಾತ್ರ ಸೇವೆಯೆಂದು ದಯವಿಟ್ಟು ಬರೆಯಬೇಡಿ. ಅಲ್ಲಿ ಕಲಿತವರಲ್ಲಿ ಕೆಲವರು ಸ್ವಂತ ವರ್ಕ್‌ಶಾಪ್ ತೆರೆದು, ಅದೇ ಕೆಲಸವನ್ನು ಮುಂದಿನ ಹುಡುಗರಿಗೆ ಕಲಿಸುತ್ತಿದ್ದಾರೆ.