ತಮ್ಮನ ಮಾತ್ರೆ ವಿಷಯ ತಮ್ಮನನ್ನೇ ಯಾಕೆ ಕೇಳುವುದಿಲ್ಲ?

ಮಲ್ನಾಡ್ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಗ್ಗುವ ಕಾಯಿಲೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅದಕ್ಕೆ ರಾತ್ರಿ ಒಲಾಂಜಪಿನ್ ಮಾತ್ರೆ, ಜೊತೆಗೆ ಲಿಥಿಯಂ. ಸದ್ಯಕ್ಕೆ ಆರಾಮಾಗಿದ್ದಾನೆ. ಆದರೆ ಬೆಳಗ್ಗೆ ಏಳಲು ಆಗುವುದಿಲ್ಲ, ಪ್ಯಾಂಟುಗಳೆಲ್ಲ ಬಿಗಿಯಾಗಿವೆ. ಮಾತ್ರೆ ಬೇಡವೇ ಬೇಡ ಅಂತಾನೆ.

ಅಮ್ಮನಿಗೆ ಹೆದರಿಕೆ. ಒಂದು ದಿನ ಮಾತ್ರೆ ಪುಡಿ ಮಾಡಿ ಕಾಫಿಗೆ ಹಾಕಿಬಿಟ್ಟರು. ಲೋಟದ ತಳದಲ್ಲಿ ಬಿಳಿ ಗಸಿ ನಿಂತಿತ್ತು. ಅವನು ಬೆರಳಲ್ಲಿ ತೆಗೆದು ನೋಡಿದ, ಏನೂ ಮಾತಾಡದೆ ಲೋಟ ತೊಳೆದಿಟ್ಟ. ಅವತ್ತಿನಿಂದ ಅಮ್ಮ ಬಡಿಸಿದ್ದನ್ನು ಮುಟ್ಟುವುದಿಲ್ಲ. ಅನ್ನ ಸಾರು ತಾನೇ ಹಾಕಿಕೊಳ್ಳುತ್ತಾನೆ.

ಆಸ್ಪತ್ರೆಯಲ್ಲೂ ಇದೇ ಕಥೆ. ಅವನು ಎದುರಿಗೇ ಕೂತಿರುತ್ತಾನೆ, ಡಾಕ್ಟರು ಅಮ್ಮನನ್ನು ಕೇಳುತ್ತಾರೆ. "ನಿದ್ದೆ ಮಾಡ್ತಾನಾ? ಮಾತ್ರೆ ತಗೋತಾನಾ?" ಅಮ್ಮ ಹೂಂ ಅಂದರೆ ಮತ್ತೆ ಅದೇ ಚೀಟಿ. ರೋಗಿ, ಡಾಕ್ಟರು, ಮನೆಯವರು ಸೇರಿ ಮಾತಾಡಿ ಔಷಧಿ ತೀರ್ಮಾನ ಮಾಡುವ ಪದ್ಧತಿ ಇದೆ ಅಂತ ಓದಿದೆ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಇದೆಲ್ಲ ಆಗುವ ಮಾತಾ? ಎಲ್ಲಿಂದ ಶುರು ಮಾಡಲಿ?

ಕಾರ್ಡ್ ಪ್ರೆಸ್, ದಾವಣಗೆರೆ:
ಅಕ್ಕ, ಮೊದಲು ಕಾಫಿ ವಿಷಯ. ಇವತ್ತೇ ನಿಲ್ಲಿಸಿ. ಅಮ್ಮನನ್ನು ಬೈಯಬೇಡಿ, ಪಾಪ, ಹೆದರಿ ಮಾಡಿದ್ದಾರೆ. ಆದರೆ ಕದ್ದು ಕೊಟ್ಟರೆ ಹೊಟ್ಟೆಗೆ ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಲಿಥಿಯಂ ಗಸಿ ಲೋಟದಲ್ಲೇ ಉಳಿದರೆ ರಕ್ತದ ರಿಪೋರ್ಟ್ ಕಡಿಮೆ ತೋರಿಸುತ್ತೆ, ಡಾಕ್ಟರು ಡೋಸ್ ಏರಿಸುತ್ತಾರೆ. ನಿಧಾನಕ್ಕೆ ಕರಗುವ ಲಿಥಿಯಂ ಮಾತ್ರೆಯನ್ನಂತೂ ಪುಡಿ ಮಾಡಲೇಬಾರದು.

ನಾನೂ ಲಿಥಿಯಂ ನುಂಗುವವನೇ. ಮದುವೆ ಕಾರ್ಡಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ. ಕೆಂಪಿನ ಮೇಲೆ ಚಿನ್ನದ ಬಣ್ಣ ಕೂರಿಸುವಾಗ ಕೂದಲೆಳೆಯಷ್ಟು ಆಚೀಚೆ ಆದರೂ ಗಣಪತಿಗೆ ಎರಡು ಸೊಂಡಿಲು ಬರುತ್ತೆ. ಲಿಥಿಯಂ ಶುರುವಾದ ಮೇಲೆ ಕೈ ಸಣ್ಣಗೆ ನಡುಗತೊಡಗಿತು. ಡಾಕ್ಟರ ಲೆಕ್ಕದಲ್ಲಿ ಅದು ಚಿಕ್ಕ ತೊಂದರೆ. ನನಗೆ ಅದು ಹೊಟ್ಟೆಪಾಡು. ಬಾಯಲ್ಲಿ ಎಷ್ಟು ಹೇಳಿದರೂ ಆಗಲಿಲ್ಲ. ಕೊನೆಗೆ ಹಾಳಾದ ಒಂದು ಕಾರ್ಡನ್ನು ಜೇಬಲ್ಲಿಟ್ಟುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. "ಸಾರ್, ನಡುಕ ಅಂದ್ರೆ ಇದು." ನಕ್ಕರು. ಆಮೇಲೆ ಪೆನ್ ಕೆಳಗಿಟ್ಟು ಸರಿಯಾಗಿ ಕೂತರು.

ಅವತ್ತು ಮೂರು ದಾರಿ ಹೇಳಿದರು. ಡೋಸ್ ಸ್ವಲ್ಪ ಇಳಿಸಿ ರಕ್ತದಲ್ಲಿ ಲಿಥಿಯಂ ಮಟ್ಟ 0.6 mmol/L ಆಸುಪಾಸು ಇಟ್ಟು ನೋಡುವುದು. ಇಲ್ಲವೇ ನಡುಕಕ್ಕೆ ಪ್ರೊಪ್ರನೊಲಾಲ್ ಸೇರಿಸುವುದು. ಇಲ್ಲವೇ ಲಿಥಿಯಂ ಬಿಟ್ಟು ಬೇರೆಯದು. ಇಳಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಸ್ವಲ್ಪ ಜಾಸ್ತಿ ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದರು. ನಾನು ಮೊದಲನೆಯದು ಸಾಕು ಅಂದೆ, ಆದರೆ ಮದುವೆ ಸೀಸನ್ ಮುಗಿಯಲಿ ಅಂದೆ. ಸೀಸನ್‌ನಲ್ಲಿ ರಾತ್ರಿಯೆಲ್ಲ ಕೆಲಸ. ನಿದ್ದೆ ಕೆಟ್ಟರೆ ನನ್ನ ತಲೆ ಓಡಲು ಶುರುವಾಗುತ್ತೆ. ಅವರಿಗೆ ಈ ಸೀಸನ್ ಕಥೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಿರುತ್ತೆ? ಅವರಿಗೆ ಔಷಧಿ ಗೊತ್ತು, ನನ್ನ ದಿನ ಹೇಗಿರುತ್ತೆ ಅಂತ ನನಗೆ ತಾನೆ ಗೊತ್ತು.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಒಲಾಂಜಪಿನ್ ತೂಕಕ್ಕೂ ನಿದ್ದೆಗೂ ಹೆಸರುವಾಸಿ. ಅದನ್ನು ರಾತ್ರಿ ಇನ್ನೂ ಬೇಗ ತಗೋಬಹುದಾ, ಇಳಿಸಬಹುದಾ, ಅರಿಪಿಪ್ರಜೋಲ್ ಥರದ್ದಕ್ಕೆ ಬದಲಾಯಿಸಬಹುದಾ ಅಂತ ಅವನೇ ಕೇಳಲಿ. ಅರಿಪಿಪ್ರಜೋಲ್‌ನಲ್ಲಿ ತೂಕ ಅಷ್ಟು ಏರುವುದಿಲ್ಲ. ಆದರೆ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತೆ. ದಿನವಿಡೀ ಕೂತು ಲೆಕ್ಕ ಬರೆಯುವವನಿಗೆ ಅದೂ ಕಷ್ಟವೇ. ಯಾವ ಕಷ್ಟ ತಡೆದುಕೊಳ್ಳಬಲ್ಲೆ ಅಂತ ಅವನೇ ಹೇಳಬೇಕು, ಅಲ್ವಾ? ತಾನಾಗಿ ನಿಲ್ಲಿಸುವುದು ಮಾತ್ರ ಬೇಡ. ಲಿಥಿಯಂ ಏಕಾಏಕಿ ಬಿಟ್ಟರೆ ಮೇನಿಯಾ, ಅಂದರೆ ತಲೆ ಏರುವ ಸ್ಥಿತಿ, ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಟೈಮ್ ಇಲ್ಲ ಅನ್ನುವುದು ನಿಜ. ಅದಕ್ಕೇ ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅವನ ಕೈಬರಹದಲ್ಲಿ. ಸುಮ್ನೆ "ಸುಸ್ತು" ಅಂತ ಬರೆದರೆ ಪ್ರಯೋಜನವಿಲ್ಲ. "ಎಂಟಕ್ಕೆ ಮಂಡಿ ತೆರೆಯಬೇಕು, ಏಳಲು ಆಗುತ್ತಿಲ್ಲ" ಅಂತಿರಲಿ. ಒಳಗೆ ಹೋಗುವಾಗ ಡಾಕ್ಟರ ಪಕ್ಕದ ಸ್ಟೂಲಿನಲ್ಲಿ ಅವನು ಕೂರಲಿ. ಅಮ್ಮ ಆಮೇಲೆ ಬರಲಿ.

ಜಿಲ್ಲಾಸ್ಪತ್ರೆ ಸೋಷಿಯಲ್ ವರ್ಕರ್:
ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ನಮ್ಮಂಥವರೂ ನರ್ಸ್‌ಗಳೂ ಇರುತ್ತೇವೆ. ಡಾಕ್ಟರ ಹತ್ತಿರ ಸಿಗದ ಸಮಯ ನಮ್ಮ ಹತ್ತಿರ ಸಿಗಬಹುದು. ಮೊದಲು ನಮ್ಮ ಜೊತೆ ಕೂತು ಆ ಅರ್ಧ ಹಾಳೆ ತಯಾರು ಮಾಡಿ.

ಕಾನೂನು ಕೂಡ ತಮ್ಮನ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಯಾವ ಚಿಕಿತ್ಸೆ, ಬೇರೆ ಏನಿದೆ, ಅಡ್ಡಪರಿಣಾಮ ಏನು ಅಂತ ತಿಳಿಯುವ ಹಕ್ಕು ರೋಗಿಗಿದೆ. ಮಾನಸಿಕ ಕಾಯಿಲೆ ಇದೆ ಅನ್ನುವ ಒಂದೇ ಕಾರಣಕ್ಕೆ ನಿರ್ಧಾರ ಮಾಡಲು ಬಾರದವನು ಅನ್ನುವಂತಿಲ್ಲ. ಇನ್ನೊಂದು ಮಾತು, ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ: ಬೈಪೋಲಾರ್‌ಗೆ ಕೊಡುವ ಇನ್ನೊಂದು ಮಾತ್ರೆ ವಾಲ್ಪ್ರೋಯೇಟ್ ಬರೆದುಕೊಟ್ಟಿದ್ದರೆ, ಮುಂದೆ ಮಗು ಬೇಕು ಅನ್ನುವ ಆಸೆ ಇದ್ದರೆ, ಈಗಲೇ ಕೇಳಿ. ಬಸಿರಿನಲ್ಲಿ ಅದು ಮಗುವಿಗೆ ಅಪಾಯ. ಕೇಳುವ ತನಕ ಮಾತ್ರೆ ಬಿಡಬೇಡಿ.

ಒಬ್ಬ ತಾಯಿ:
ನೀವೆಲ್ಲ ಹೇಳುವುದು ಚೆನ್ನಾಗಿಯೇ ಇದೆ. ಆದರೆ ಕಾಯಿಲೆ ಏರಿದಾಗ ನನ್ನ ಮಗ ತನಗೇನೂ ಆಗಿಲ್ಲ ಅಂತಾನೆ. ನಡುರಾತ್ರಿ ಬೈಕ್ ಹತ್ತಿ ಹೋಗುತ್ತಾನೆ. ಆಗ ಯಾರ ಹತ್ತಿರ ಕೂತು ಮಾತಾಡಲಿ ಹೇಳಿ? ಬೆರೆಸಿ ಕೊಡುವ ತಾಯಿಯ ಸಂಕಟ ನನಗೆ ಗೊತ್ತು.

ಕಾರ್ಡ್ ಪ್ರೆಸ್, ದಾವಣಗೆರೆ:
ಅಮ್ಮಾ, ನೀವು ಹೇಳಿದ್ದು ಸುಳ್ಳಲ್ಲ. ತಲೆ ಏರಿದಾಗ ನಾನೂ ಯಾರ ಮಾತೂ ಕೇಳುವವನಲ್ಲ. ಅದಕ್ಕೇ ಆರಾಮಿದ್ದಾಗ ಬರೆದಿಟ್ಟಿದ್ದೇನೆ. ಅದೇ ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಅಂತ ಇದೆ. ನನಗೆ ಹೀಗೆ ಚಿಕಿತ್ಸೆ ಕೊಡಿ, ಇದು ಬೇಡ ಅಂತ ಮೊದಲೇ ಬರೆದಿಡಬಹುದು, ನಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನೂ ಹೆಸರಿಸಬಹುದು. ತುರ್ತು ಚಿಕಿತ್ಸೆಗೆ ಅದು ಅಡ್ಡ ಬರುವುದಿಲ್ಲ.

ನನ್ನ ಹಾಳೆಯಲ್ಲಿ ಹೀಗಿದೆ: ನಾನು ಸಾಲ ಮಾಡಿ ಹೊಸ ಮಷೀನ್ ಕೊಳ್ಳುವ ಮಾತೆತ್ತಿದರೆ, ಮೂರು ರಾತ್ರಿ ನಿದ್ದೆ ಮಾಡದಿದ್ದರೆ, ನನ್ನನ್ನು ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಲೊಪೆರಿಡಾಲ್ ಇಂಜೆಕ್ಷನ್ ಬೇಡ, ಹಿಂದೆ ಕುತ್ತಿಗೆ ಸೆಟೆದುಕೊಂಡಿತ್ತು, ಬೇರೆ ಕೊಡಿ. ಪ್ರತಿನಿಧಿ ನನ್ನ ಭಾವ. ಹೆಂಡತಿ ಅಲ್ಲ, ಯಾಕೆಂದರೆ ತಲೆ ಓಡುವಾಗ ನಾನು ಜಗಳಕ್ಕೆ ನಿಲ್ಲುವುದೇ ಅವಳ ಹತ್ತಿರ. ಇದು ಅವಳದ್ದೇ ಸಲಹೆ. ಪೂರ್ತಿ ಗ್ಯಾರಂಟಿ ಅಂತ ಹೇಳುವುದಿಲ್ಲ ಅಮ್ಮಾ. ಆದರೆ ನನ್ನ ಸಹಿ ಇರುವ ಕಾಗದ ತೋರಿಸಿದರೆ ಭಾವನ ಹತ್ತಿರ ನಾನು ಅಷ್ಟು ವಾದ ಮಾಡುವುದಿಲ್ಲ.

ಮಲ್ನಾಡ್ ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಹಾಳೆ ತಗೊಂಡು ಮೊದಲನೆಯ ಸಾಲೇ "ಅಕ್ಕನೂ ಹೊರಗೆ ಕೂರಲಿ" ಅಂತ ಬರೆದಿದ್ದಾನೆ! ಬರುವ ಮಂಗಳವಾರ ಹೋಗುತ್ತೇವೆ. ಲಿಥಿಯಂ ಟೆಸ್ಟ್ ಅವತ್ತೇ ಮಾಡಿಸಬಹುದಾ?

ಕಾರ್ಡ್ ಪ್ರೆಸ್, ದಾವಣಗೆರೆ:
ಹಾಗಾದರೆ ಹೊರಗೇ ಕೂರಿ ಅಕ್ಕ. ಟೆಸ್ಟ್ ಮುಂಚೆಯೇ ಮಾಡಿಸಿ, ರಿಪೋರ್ಟ್ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತೆ. ರಾತ್ರಿ ಲಿಥಿಯಂ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟಮೇಲೆ ನುಂಗಲಿ. ಥೈರಾಯ್ಡ್ ಟೆಸ್ಟ್, ಕಿಡ್ನಿ ನೋಡುವ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ ಆರು ತಿಂಗಳಾಗಿದ್ದರೆ ಅವನ್ನೂ ಮಾಡಿಸಿಬಿಡಿ. ಮೈಕೈ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೆನ್ ತಗೋಬಾರದು ಅಂತಲೂ ಹೇಳಿ, ಅದರಿಂದ ಲಿಥಿಯಂ ಮಟ್ಟ ಏರುತ್ತೆ.