ತೋರುಬೆರಳಿನ ರಿಲೀಸ್ ಬಿಟ್ಟುಬಿಡಲಾ?

ಪ್ರಶ್ನೆ:
ಎರಡು ವರ್ಷದಿಂದ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಹಿಡಿದಿದ್ದೇನೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿ ತೋರುಬೆರಳಿನಿಂದ ಒತ್ತುವ ರಿಲೀಸ್ (ಹೆದೆಯನ್ನು ಹಿಡಿದೆಳೆದು ಬಿಡುವ ಸಾಧನ) ನನ್ನದು. 18 ಮೀಟರಿನಲ್ಲಿ ಪರವಾಗಿಲ್ಲ. 50 ಮೀಟರಿಗೆ ಹೋದರೆ ಬಾಣಗಳು ಎಡಕ್ಕೂ ಬಲಕ್ಕೂ ಚೆದುರುತ್ತವೆ. ಸ್ಕೋಪಿನ (ಗುರಿ ನೋಡುವ ಮಸೂರದ) ಚುಕ್ಕೆ ಗುರಿಹಲಗೆಯ ನಡುವಿನ ಹಳದಿಗೆ ಬಂದ ಕೂಡಲೇ ಬೆರಳು ಟ್ರಿಗರನ್ನು ಪಟ್ಟನೆ ಒತ್ತಿಬಿಡುತ್ತದೆ. ಹೆಬ್ಬೆರಳಿನಿಂದ ಒತ್ತುವ ಬಟನ್ ರಿಲೀಸ್ ತಗೊಳ್ಳಲಾ, ಹಿಡಿ ತಿರುಗಿದಾಗ ಬಿಡುವ ಹಿಂಜ್ ರಿಲೀಸ್ ತಗೊಳ್ಳಲಾ?

ಉತ್ತರ 1:
ನನಗೂ ಇದೇ ಕಾಯಿಲೆ ಇತ್ತು. ಬಟನ್ ತಗೊಂಡೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಹೆಬ್ಬೆರಳೂ ಅದೇ ಚಾಳಿ ಕಲಿಯಿತು! ಹಿಂಜಿನಲ್ಲಿ ಟ್ರಿಗರೇ ಇಲ್ಲ. ಬೆನ್ನಿನಿಂದ ಎಳೆಯುತ್ತಾ ಹೋದಂತೆ ಹಿಡಿ ಸ್ವಲ್ಪ ತಿರುಗುತ್ತದೆ, ಬಾಣ ಹೋಗುತ್ತದೆ. ಯಾವ ಕ್ಷಣಕ್ಕೆ ಅಂತ ನಿಮಗೇ ಗೊತ್ತಾಗಬಾರದು. ಆದರೆ ಮೊದಲು ಬಿಲ್ಲಿಗೆ ಹಾಕಬೇಡಿ. ನಿಮ್ಮ ಎಳೆತದ ಉದ್ದಕ್ಕೆ ದಾರದ ಕುಣಿಕೆ ಕಟ್ಟಿ ಅದರಲ್ಲಿ ಕೈ ಪಳಗಿಸಿ. ನಾನು ಅವಸರ ಮಾಡಿದೆ. ಅರ್ಧ ಎಳೆದಾಗಲೇ ಬಿಟ್ಟುಕೊಂಡಿತು, ನನ್ನ ಮುಷ್ಟಿಯೇ ನನ್ನ ತುಟಿ ಒಡೆಯಿತು.

ಉತ್ತರ 2:
ಬಟನ್ನನ್ನು ಸುಮ್ನೆ ಬೈಯಬೇಡಿ. ಟ್ರಿಗರ್ ಸ್ವಲ್ಪ ಗಟ್ಟಿ ಇಡಿ. ಹೆಬ್ಬೆರಳಿನ ತುದಿ ಬೇಡ, ಬುಡದ ಹತ್ತಿರ ಕೂರಿಸಿ. ಇನ್ನೊಂದು: ಪಟ್ಟಿಯದರಿಂದ ಕೈಯಲ್ಲಿ ಹಿಡಿಯುವುದಕ್ಕೆ ಬಂದರೆ ದವಡೆಯ ಹತ್ತಿರ ಕೈ ಕೂರುವ ಜಾಗ ಬದಲಾಗುತ್ತದೆ. ಬಿಲ್ಲಿನ ಎಳೆತದ ಉದ್ದ, ಪೀಪ್ (ಹೆದೆಯಲ್ಲಿ ಕೂರಿಸಿದ, ಕಣ್ಣಿಟ್ಟು ನೋಡುವ ರಂಧ್ರ) ಎರಡನ್ನೂ ಮತ್ತೆ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು:
ತುಟಿ ಕಥೆ ಓದಿ ಸ್ವಲ್ಪ ಹೆದರಿದೆ. ಗೆಳೆಯನ ಹಿಂಜ್ ಇದೆ, ಇವತ್ತೇ ಕುಣಿಕೆ ಕಟ್ಟುತ್ತೇನೆ.